ಚಿತ್ರದ ಬೆನ್ನು

ಕಲಾಕೃತಿಗಳ ವಿಮೆಯ ಕೆಲಸ ನನಗೆ ಕಲಿಸಿದವರು ನಮ್ಮ ಅಬಿಡ್ಸ್ ಕಚೇರಿಯ ಹಿರಿಯ ಸರ್ವೇಯರ್, ಕಲಬುರಗಿ ಕಡೆಯವರು. ಎಂಥ ಚಿತ್ರ ಕಂಡರೂ ಕನ್ನಡಕ ಹಣೆಗೇರಿಸಿ, "ಮೊದಲ ಬೆನ್ನ ನೋಡ್ರಿ" ಎನ್ನುತ್ತಿದ್ದರು. ಗೆದ್ದಲು, ತೇವ, ಹಳೆಯ ಹರಕು ಎಲ್ಲ ಅಲ್ಲೇ ಕಾಣುತ್ತದಂತೆ.

ಒಮ್ಮೆ ತಾರ್ನಾಕದಲ್ಲಿ ಒಬ್ಬ ವೃದ್ಧೆ, ತೀರಿಹೋದ ಗಂಡ ಹವ್ಯಾಸಕ್ಕೆ ಬರೆದಿದ್ದ ಚಿತ್ರಕ್ಕೆ ವಿಮೆ ಕೇಳಿದರು. ಅದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲವೆಂದು ನನಗೂ ಗೊತ್ತಾಯಿತು. ಸರ್ವೇಯರ್ ಮಾತ್ರ ಕೈ ಒರೆಸಿಕೊಂಡು ಅದನ್ನು ಇಳಿಸಿ, ತಿರುಗಿಸಿ, ಟಾರ್ಚ್ ಹಿಡಿದು ಅರ್ಧ ತಾಸು ನೋಡಿದರು.

"ಅಮ್ಮಾರ, ಇದಕ್ಕ ವಿಮಾ ಆಗೂದಿಲ್ರಿ. ಆದ್ರ ಈ ಗ್ವಾಡಿ ಹಸಿ ಅದ" ಎಂದವರೇ ಎದುರಿನ ಒಣಗೋಡೆಗೆ ತಾವೇ ಮೊಳೆ ಹೊಡೆದು ಚಿತ್ರ ತೂಗುಹಾಕಿದರು.

ವಾಪಸು ಬರುವಾಗ ಆಟೊದಲ್ಲಿ, "ಅದಕ್ಕ ಇಷ್ಟೊತ್ತು ಯಾಕ್ರಿ ಸರ್?" ಎಂದೆ.

"ವಿಮಾ ಇದ್ದಿದ್ದು ಹಾಳಾದ್ರ ರೊಕ್ಕಾರ ಬರ್ತದ. ಇದು ಹಾಳಾದ್ರ ಅವರಿಗೇನ್ ಬರ್ತದ್ರಿ?"