ಹಲಗೆಯ ಮೇಲೆ ಮೂರು ಭಾನುವಾರ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಯಾರೋ ಹಳೇ ಕಾರೊಂದರ ಹಿಂದಿನ ಸೀಟನ್ನು ಕಿತ್ತು ನೆಲದ ಮೇಲೆ ಇಟ್ಟಿದ್ದರು. ತೆಂಗಿನ ನಾರು, ಗ್ರೀಸು, ರೆಕ್ಸಿನ್ ಅಂಟಿಸುವ ಸಲ್ಯೂಷನ್ನು... ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ತರಕಾರಿ ಚೀಲ ಹಿಡಿದು ಲಿಫ್ಟಿನ ಕಡೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ವಾಚ್‌ಮನ್ ಓಡಿಬಂದು "ಏಮೈಂದಮ್ಮಾ?" ಎಂದ. ಏನಾಯಿತೆಂದು ಹೇಳಲಿ ಅವನಿಗೆ! ಹೈದರಾಬಾದಿನ ಈ ಮಣಿಕೊಂಡದಲ್ಲಿ ನಮ್ಮ ಹಳೇ ಪಕ್ಕದ ಮನೆಯ ಕಾಕಾ ಯಾರಿಗೆ ಗೊತ್ತು?

ಆಂಧ್ರಪ್ರದೇಶ ಇನ್ನೂ ಒಂದೇ ಆಗಿದ್ದ ಕಾಲ, ಎಂಬತ್ತರ ದಶಕದ ಕೊನೆ. ನನ್ನ ಯಜಮಾನರು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿದ್ದರು. ಹೈದರಾಬಾದಿನ ಹೊರಗೆ ಕ್ವಾರ್ಟರ್ಸು, ಸಾಲಾಗಿ ಒಂದೇ ನಮೂನೆಯ ಮನೆಗಳು. ನಾನು ಕನ್ನಡ ಶಾಲೆಯಲ್ಲಿ ಟೀಚರು. ಪಕ್ಕದ ಮನೆಯಲ್ಲಿ ಗದಗದ ಕಡೆಯ ದಂಪತಿ, ಮಕ್ಕಳಿರಲಿಲ್ಲ. ನಾವು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆವು. ಅವರಿಬ್ಬರಿಗೂ ನಾನು 'ಬಾಯಾರು'. ನಮ್ಮ ಕಡೆ ಟೀಚರಮ್ಮನನ್ನು ಹಾಗೇ ಕರೆಯುವುದು.

ಕಾಕಾ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಿಂದ ಹೇಳಬಲ್ಲವರು. ಸಾಲಿನಲ್ಲಿ ಯಾರ ಮಿಕ್ಸಿ ಕೆಟ್ಟರೂ, ಯಾರ ಬೀಗ ಹಟ ಹಿಡಿದರೂ ಕಾಕಾ ಬರಬೇಕು. ಬಂದವರು ಮಾತಿಲ್ಲದೆ ರಿಪೇರಿ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ತಮ್ಮ ಕೈಯ ಮೇಲೆ ಅವರಿಗೆ ಇದ್ದ ಭರವಸೆ ಎಂಥದ್ದೆಂದರೆ, ಮಾಡಿದ ಕೆಲಸವನ್ನು ಇನ್ನೊಮ್ಮೆ ತಿರುಗಿ ನೋಡುತ್ತಿರಲಿಲ್ಲ. ಅವರ ಹತ್ತಿರ ಕೆನೆಬಣ್ಣದ ಒಂದು ಮುದಿ ಅಂಬಾಸಿಡರ್ ಇತ್ತು. ತಿಂಗಳಿಗೊಮ್ಮೆ ಕಾಕುವನ್ನು ಹಿಮಾಯತ್‌ನಗರಕ್ಕೆ ಸೀರೆ ಅಂಗಡಿ ತೋರಿಸಲು ಒಯ್ಯುತ್ತಿದ್ದರು. ಆಕೆ ಕೊಳ್ಳುತ್ತಿದ್ದುದು ಅಪರೂಪ, ನೋಡಿಬರುವುದೇ ಸಂಭ್ರಮ.

ಕಾಕುವಿಗೆ ಎದೆಯಲ್ಲಿ ಗಂಟಾಗಿ ಆಪರೇಷನ್ ಆಗಿತ್ತು. ಎರಡು ವರ್ಷ ಚೆನ್ನಾಗಿದ್ದರು. ಆಮೇಲೆ ಆ ಹಾಳು ರೋಗ ಬೆನ್ನುಮೂಳೆಗೆ ಇಳಿಯಿತು. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಆದರೆ ಬೆನ್ನಿಗೆ ಕರೆಂಟ್ ಕೊಡಿಸಿದರೆ, ರೇಡಿಯೇಶನ್ನಿಗೆ ಆಗೆಲ್ಲ ಹಾಗೇ ಅನ್ನುತ್ತಿದ್ದರು, ನೋವು ತಗ್ಗುತ್ತದೆ, ಇರುವಷ್ಟು ದಿನ ಆಕೆ ನಿದ್ದೆ ಮಾಡಬಹುದು ಎಂದರು. ಅದಕ್ಕೆ ಮೂರು ವಾರ ದಿನಾಲೂ ನಾಂಪಲ್ಲಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೊದಲ ದಿನ ಬಾಡಿಗೆ ವ್ಯಾನಿನಲ್ಲಿ ಹೋಗಿಬಂದರು. ಆ ರಸ್ತೆ, ಆ ಕುಣಿತ! ಕಾಕುವನ್ನು ಇಳಿಸುವಾಗ ಆಕೆಯ ಕೆಳತುಟಿಯಲ್ಲಿ ರಕ್ತ ಬಂದಿತ್ತು. ಕೂಗಬಾರದೆಂದು ತುಟಿ ಕಚ್ಚಿಕೊಂಡೇ ಬಂದಿದ್ದರು.

"ಸಾಯತೀನಿ, ಆದರ ಇನ್ನೊಮ್ಮೆ ಆ ಗಾಡಿ ಹತ್ತಂಗಿಲ್ಲ," ಎಂದರು. ಕಾಕು ಅಂದರೆ ಅಂದದ್ದೇ.

ಮರುದಿನದಿಂದ ಕಾಕಾ ರಜೆ ಹಾಕಿದರು. ಎರಡು ಮನೆಗಳ ನಡುವಿನ ಜಾಗದಲ್ಲಿ ಅಂಬಾಸಿಡರನ್ನು ಜ್ಯಾಕ್ ಏರಿಸಿ, ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಹಿಂದಿನ ಸೀಟು ಕಿತ್ತರು. ಸೀಟಿನ ಹಿಂದಿನ ತಗಡು ಕತ್ತರಿಸಿದರು. ಈಗ ಮುಂದಿನ ಸೀಟಿನ ಬೆನ್ನಿನಿಂದ ಡಿಕ್ಕಿಯ ತುದಿಯವರೆಗೆ ಒಂದೇ ಉದ್ದ ಜಾಗ. ಅಲ್ಲಿಗೆ ಒಂದು ಹಲಗೆ ಮಾಡಿದರು. ಡಿಕ್ಕಿ ತೆರೆದರೆ ಹಲಗೆ ಹಳೆಯ ಬೇರಿಂಗುಗಳ ಮೇಲೆ ಜಾರಿ ಹೊರಬರಬೇಕು. ಅದರ ಮೇಲೆ ಕಾಕುವನ್ನು ಮಲಗಿಸಿ, ಮತ್ತೆ ಮೆಲ್ಲಗೆ ಒಳಗೆ ತಳ್ಳಬೇಕು. ಎತ್ತುವುದಿಲ್ಲ, ಬಗ್ಗಿಸುವುದಿಲ್ಲ. ಹಲಗೆಗೆ ನಾರಿನ ಹಾಸು, ಮೇಲೆ ರಬ್ಬರ್ ಹಾಸು, ಅದರ ಮೇಲೆ ಕಾಕುವಿನ ಹಳೇ ಇಳಕಲ್ ಸೀರೆ ಹೊಲಿದ ಹೊದಿಕೆ.

"ಡಿಕ್ಕ್ಯಾಗ ಕಾಲು ಚಾಚಿ ಹೋಗೂದು ಅಂದ್ರ ಹೆಣಾ ಹೋದಂಗ ಆತಲ್ರಿ," ಎಂದು ಕಾಕು ಕಿಟಕಿಯಿಂದಲೇ ಚೇಷ್ಟೆ ಮಾಡಿದರು. "ಮಾಡೋದ ಮಾಡ್ತೀರಿ, ನನಗ ಹೊರಗ ಕಾಣೂವಂಗರ ಮಾಡ್ರಿ." ಕಾಕಾ ಹಲಗೆಯ ತಲೆಭಾಗವನ್ನು ನಾಲ್ಕು ಬೆರಳು ಎತ್ತರಿಸಿದರು.

ಹಲಗೆ ಸುಲಭದ ಕೆಲಸ. ಕಷ್ಟ ಇದ್ದದ್ದು ಕೆಳಗೆ. ಹಿಂದಿನ ಗಾಲಿಗಳ ಮೇಲೆ ಕಾರಿನ ಭಾರ ಹೊರುವುದು ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಕಾಕಾ ಅದಕ್ಕೆ ಕಮಾನು ಎನ್ನುತ್ತಿದ್ದರು. ಪಟ್ಟಿ ಜಾಸ್ತಿ ಇದ್ದರೆ ಗಾಡಿ ಕುಣಿಯುತ್ತದೆ, ತೆಗೆದರೆ ಮೆತ್ತಗಾಗುತ್ತದೆ. ಹಾಗಂತ ಬಹಳ ತೆಗೆದರೆ ಗಾಡಿ ಕೆಳಗೆ ಕುಸಿದು, ದೊಡ್ಡ ಹಳ್ಳಕ್ಕೆ ಬಿದ್ದಾಗ ಕಬ್ಬಿಣಕ್ಕೆ ಕಬ್ಬಿಣ ಹೊಡೆಯುತ್ತದೆ. "ಭಾಳ ತಗದ್ರ ಬಡೀತೈತಿ, ಕಡಿಮಿ ತಗದ್ರ ಕುಣಿಸ್ತೈತಿ. ನಡುವ ಎಲ್ಲೆ ಐತಿ ಅನ್ನೂದು ಮಲಗಿದ ಮೈಗೆ ಅಷ್ಟ ತಿಳೀತೈತಿ," ಎಂದು ನನಗೆ ಪಾಠ ಹೇಳಿದಂತೆ ಹೇಳಿದ್ದರು. ಪ್ರತಿ ಪಟ್ಟಿಯ ತುದಿಯನ್ನೂ ಅರದಿಂದ ಉಜ್ಜಿ, ಗ್ರೀಸು ಬಳಿದು, ನಡುವೆ ಸೈಕಲ್ ಟ್ಯೂಬಿನ ಚೂರು ಇಟ್ಟು ಮತ್ತೆ ಕಟ್ಟಿದರು.

ಮೊದಲು ಮರಳಿನ ಚೀಲ ಇಟ್ಟುಕೊಂಡು ಓಡಿಸಿ ನೋಡುತ್ತಿದ್ದರು. ಒಂದು ದಿನ ಕಾಕು ನನ್ನನ್ನು ಕರೆದರು. "ಬಾಯಾರ, ನನ್ನಷ್ಟ ಉದ್ದ ಅದೀರಿ, ನನ್ನಂಗ ಕಡ್ಡಿ ಅದೀರಿ. ನನ್ನ ಬದಲಿ ನೀವ ಮಲಕೊಂಡು ಹೋಗಿ ಬರ್ರಿ. ಇವರು ಮರಳಿನ ಚೀಲಕ್ಕ ಕೇಳಾಕತ್ತಾರ, ಎಲ್ಲೆ ನೋಯತೈತಿ ಅಂತ. ಚೀಲಕ್ಕ ಬಾಯಿ ಐತೇನು?"

ಹೀಗೆ ನಾನು ಆ ಹಲಗೆ ಹತ್ತಿದೆ. ಮೂರು ಭಾನುವಾರ. ಕಾಕಾ ಆಸ್ಪತ್ರೆಯ ದಾರಿಯಲ್ಲೇ ಓಡಿಸುತ್ತಿದ್ದರು, ನಾನು ಸೂರು ನೋಡುತ್ತ ಮಲಗಿರುತ್ತಿದ್ದೆ. ಮೊದಲ ವಾರ ತಿರುವಿನಲ್ಲಿ ಸೊಂಟ ಜಾರುತ್ತದೆ ಎಂದೆ. ಎರಡೂ ಕಡೆ ದಿಂಬು ಬಂತು. ಎರಡನೇ ವಾರ, ಸಣ್ಣ ಸಣ್ಣ ಕುಣಿತ ಇನ್ನೂ ಇದೆ, ಹಲ್ಲು ಕಟಕಟ ಅನ್ನುತ್ತದೆ ಎಂದೆ. ಎರಡೂ ಕಡೆಯಿಂದ ಇನ್ನೊಂದೊಂದು ಪಟ್ಟಿ ಹೋಯಿತು. ನನ್ನ ಮಾತನ್ನು ಅವರು ಡಾಕ್ಟರ ಚೀಟಿಯಂತೆ ಕೇಳುತ್ತಿದ್ದರು.

ಮನೆಯಲ್ಲಿ ಮಾತ್ರ ನನಗೆ ಮಂಗಳಾರತಿ. ನಮ್ಮ ಅತ್ತೆಯವರು ಹಳೇ ಕಾಲದವರು. "ಗಂಡುಳ್ಳ ಹೆಣ್ಮಗಳು ಹೆಣದಂಗ ಕಾಲು ಚಾಚಿ ಊರ ತುಂಬ ಮೆರವಣಿಗಿ ಹೊಂಟೀಯಲ್ಲ, ಲಕ್ಷಣ ಏನ ಇದು?" ಪ್ರತಿ ಭಾನುವಾರ ನಾನು ಬಂದ ಮೇಲೆ ಹಿತ್ತಲಲ್ಲಿ ತಲೆಗೆ ತಣ್ಣೀರು ಸುರಿದು, ಆಮೇಲೆಯೇ ಅಡುಗೆಮನೆಗೆ ಬಿಡುತ್ತಿದ್ದರು. ಸಾವಿನ ಮನೆಯಿಂದ ಬಂದವರಿಗೆ ಮಾಡುವ ಹಾಗೆ. ನನ್ನ ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತುಬಿಡುತ್ತಿದ್ದರು, ಪುಣ್ಯಾತ್ಮರು. ಎರಡನೇ ವಾರ ನನಗೆ ಶೀತವಾಗಿ ಜ್ವರ ಬಂತು. ಮೂರನೇ ವಾರ ಹೊರಡುವಾಗ ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಇದೇ ಕೊನೆಯಾದರೆ ಸಾಕು ದೇವರೇ ಎಂದುಕೊಂಡೇ ಮಲಗಿದೆ.

ಆ ದಿನ ಗಾಡಿ ನಿಜಕ್ಕೂ ಮೆತ್ತಗೆ ಹೋಗುತ್ತಿತ್ತು. ಅರ್ಧ ದಾರಿ ನನಗೆ ಜೋಂಪು ಹತ್ತಿತ್ತು. ರೈಲ್ವೆ ಗೇಟು ಬಂತು. ಆಗಷ್ಟೇ ಗೇಟು ಎತ್ತಿದ್ದರು, ಲಾರಿ, ಆಟೋ ಎಲ್ಲ ಒಟ್ಟಿಗೇ ಹಾರನ್ ಹೊಡೆಯುತ್ತ ನುಗ್ಗುತ್ತಿದ್ದವು. ನಮ್ಮ ಹಿಂದಿನ ಗಾಲಿ ಹಳಿ ದಾಟಿ ಇಳಿದದ್ದೇ ತಡ, ಕೆಳಗಿನಿಂದ ಧಡ್ ಎಂದು ಬಡಿಯಿತು. ಕೊಡತಿಯಿಂದ ಬೆನ್ನಿನ ಬುಡಕ್ಕೆ ಹೊಡೆದ ಹಾಗೆ. ಕಣ್ಣಿಗೆ ಕತ್ತಲೆ ಬಂತು.

ಕಾಕಾ ಮುಂದೆ ಹೋಗಿ ಗಾಡಿ ಬದಿಗೆ ನಿಲ್ಲಿಸಿ ತಿರುಗಿದರು. ಆ ಗದ್ದಲದಲ್ಲಿ ಅವರಿಗೆ ಸರಿಯಾಗಿ ಕೇಳಿರಲಿಲ್ಲ. "ಏನಾರ ಹತ್ತೀತೇನ್ರಿ ಬಾಯಾರ?" ಎಂದು, ಪೆಟ್ಟಾಯಿತೇ ಎಂಬಂತೆ ನನ್ನ ಬೆನ್ನಿನ ಕಡೆ ನೋಡಿದರು.

ಆ ಮುಖ... ವಾರಗಟ್ಟಲೆ ಗ್ರೀಸು ತೊಳೆಯದ ಮುಖ. ಮರುದಿನ ಬೆಳಿಗ್ಗೆಯೇ ಆಸ್ಪತ್ರೆಯವರು ಹೊಸದಾಗಿ ಕೊಟ್ಟ ತಾರೀಖು. ಬಡಿಯಿತು ಎಂದರೆ ಮತ್ತೆ ಜ್ಯಾಕು, ಮತ್ತೆ ಪಟ್ಟಿ, ಮತ್ತೊಂದು ಭಾನುವಾರ, ಮತ್ತೆ ಅತ್ತೆಯ ತಣ್ಣೀರು.

"ಏನಿಲ್ಲರಿ ಕಾಕಾ. ತೊಟ್ಟಲದಾಗ ಮಲಗಿದಂಗ ಐತಿ," ಎಂದೆ.

ಅವರು ನಕ್ಕರು. ಕಾಕುವಿಗೆ ರೋಗ ಮರುಕಳಿಸಿದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ನಾನೂ ಜೊತೆಗೆ ಹೋದೆ. ಕೈ ಹಿಡಿದುಕೊಳ್ಳಲು ಬಾಯಾರೇ ಬೇಕು ಎಂದಿದ್ದರು ಕಾಕು. ಹಲಗೆಯ ಪಕ್ಕ ಇಕ್ಕಟ್ಟಿನಲ್ಲಿ ನಾನು, ಮುಂದೆ ಊರಿಂದ ಬಂದ ಕಾಕುವಿನ ಅಣ್ಣ, ಭಾರೀ ಆಳು. ಹಿಂದಿನ ದಿನ ಇದ್ದದ್ದು ಇಬ್ಬರು, ಇಂದು ನಾಲ್ವರು. ಗಾಡಿ ಹಿಂದೆ ಎಷ್ಟು ಕುಸಿದಿತ್ತೆಂದು ನಾನು ಹತ್ತುವಾಗಲೇ ನೋಡಿದ್ದೆ. ಕಾಕು ಮಾತ್ರ ಖುಷಿಯಾಗಿದ್ದರು. ತಲೆ ಹೊರಳಿಸಿ ಕಿಟಕಿ ನೋಡುತ್ತ, "ಅಲ್ನೋಡ್ರಿ, ಆ ಗಾಜಿನ ಬಳಿ ಅಂಗಡಿ ಇನ್ನೂ ಐತಿ," ಎನ್ನುತ್ತಿದ್ದರು. "ಖರೇನ, ಏನೂ ಗೊತ್ತಾಗವಲ್ದು ನೋಡ್ರಿ. ನಿಮ್ಮ ಕಾಕಾ ಹುಷಾರ್ ಅದಾರ."

ಗೇಟು ಹತ್ತಿರ ಬಂದಾಗ ನಾನು ಕಾಕುವಿನ ಕೈ ಬಿಗಿಯಾಗಿ ಹಿಡಿದೆ. "ಸಾವಕಾಶ ರಿ ಕಾಕಾ," ಎಂದೆ. ಅವರು ಸಾವಕಾಶವಾಗೇ ಹೋದರು, ಇರುವೆ ಹೋದ ಹಾಗೆ ಹೋದರು. ಆದರೂ ಬಡಿಯಿತು.

ಆ ಕೂಗನ್ನು ನಾನು ಬರೆಯಲಾರೆ. ಆಕೆಯ ಉಗುರು ನನ್ನ ಮುಂಗೈಯೊಳಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಫೋಟೋ ತೆಗೆದು, ಬೆನ್ನಿನ ಒಂದು ಮೂಳೆ ಕುಸಿದಿದೆ ಎಂದರು. ರೋಗಕ್ಕೆ ಮೊದಲೇ ಜಾಳಾಗಿದ್ದ ಮೂಳೆ, ಹೇಗೂ ಒಂದು ದಿನ ಕುಸಿಯುತ್ತಿತ್ತು ಎಂದೂ ಡಾಕ್ಟರು ಹೇಳಿದರು. ಹಾಗೆ ಹೇಳಿದ್ದರಿಂದ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಕಾಕುವಿನ ಎರಡೂ ಕಾಲಿನ ಸ್ವಾಧೀನ ಹೋಯಿತು. ಅಲ್ಲಿಂದ ಅವರನ್ನು ಆಂಬುಲೆನ್ಸಿನ ಸ್ಟ್ರೆಚರಿನಲ್ಲಿ ಮನೆಗೆ ತಂದಿದ್ದು. ಮತ್ತೆ ಯಾವ ಗಾಡಿಯನ್ನೂ ಅವರು ಹತ್ತಲಿಲ್ಲ. ಕರೆಂಟು ಅರ್ಧಕ್ಕೇ ಅಲ್ಲ, ಶುರುವಿನಲ್ಲೇ ನಿಂತಿತು. ನಾಲ್ಕು ತಿಂಗಳು ನಮ್ಮ ಗೋಡೆಯಾಚೆಗೆ ಆಕೆ ನರಳುವುದು ಕೇಳುತ್ತಿತ್ತು...

ಆ ನಾಲ್ಕು ತಿಂಗಳೂ ಕಾಕಾ ಕಮಾನು ಬಿಚ್ಚುವುದು, ಕಟ್ಟುವುದು. ಬಿಚ್ಚಿದ ಪಟ್ಟಿಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟು, ಒಂದೊಂದನ್ನೂ ಬಿಸಿಲಿಗೆ ಹಿಡಿದು ಬಿರುಕು ಹುಡುಕುತ್ತಿದ್ದರು. ಒಂದು ಸಂಜೆ ನಾನು ಬಟ್ಟೆ ತೆಗೆಯಲು ಹೋದಾಗ ಬೇಲಿಯ ಹತ್ತಿರ ಬಂದು ನಿಂತರು.

"ಬಾಯಾರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಐತವಾರ ಗೇಟಿನ ಮ್ಯಾಲ ಖರೇನ ಏನೂ ಹತ್ತಿದ್ದಿಲ್ಲೇನ್ರಿ?"

ದೇವರು ನನಗೆ ಎರಡನೇ ಸಲ ಬಾಗಿಲು ತೆರೆದುಕೊಟ್ಟಿದ್ದ. ಒಳಗಿನಿಂದ ಕಾಕುವಿನ ನರಳಾಟ ಕೇಳುತ್ತಿತ್ತು. ಅದನ್ನು ಕೇಳುತ್ತ ನಿಂತು ಹೌದು ಎನ್ನುವ ಧೈರ್ಯ ನನಗೆಲ್ಲಿ? "ಇಲ್ಲರಿ ಕಾಕಾ," ಎಂದೆ.

"ಹಂಗಾರ ಅವತ್ತ ರಾತ್ರಿ ನಾ ಬೋಲ್ಟ್ ಬಿಗಿ ಮಾಡಿದ್ನಲ್ಲ, ಆವಾಗ ಏನೋ ತಪ್ಪೇತಿ," ಎಂದರು. ತಮ್ಮ ಬಲಗೈಯನ್ನು ತಿರುವಿ ಮುರುವಿ ನೋಡಿಕೊಂಡು ಒಳಗೆ ಹೋದರು.

ಕಾಕು ತೀರಿಕೊಂಡ ಮೇಲೆ ಕಾಕಾ ಸಾಹೇಬರನ್ನು ಬೇಡಿಕೊಂಡು ಟೂಲ್ ರೂಮಿನಿಂದ ಸ್ಟೋರಿಗೆ ವರ್ಗ ಮಾಡಿಸಿಕೊಂಡರು. ಸಾಮಾನು ಎಣಿಸುವ ಕೆಲಸ. ಸಾಲಿನವರು ಮಿಕ್ಸಿ ತಂದರೆ, "ನನ್ನ ಕಡೆ ಬ್ಯಾಡ್ರಿ, ಅಂಗಡಿಗೆ ಒಯ್ರಿ," ಎನ್ನುತ್ತಿದ್ದರು. ಕಾಕುವಿನ ದಿನಕರ್ಮದ ದಿನ ಊರಿನ ನೆಂಟರಿಗೆಲ್ಲ ನನ್ನನ್ನು ಕರೆದು ತೋರಿಸಿದ್ದರು. "ಈ ಬಾಯಾರು ನಮ್ಮ ಸಲುವಾಗಿ ಮೂರು ಐತವಾರ ಹಲಗಿ ಮ್ಯಾಲ ಮಲಗ್ಯಾರ. ಇವರ ಮಾತು ಬರೋಬ್ಬರಿ ಇತ್ತು. ನನ್ನ ಕೈಯ ಸುಳ್ಳಾತು." ನೆಂಟರಲ್ಲಿ ಒಬ್ಬ ಮುದುಕಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ನೆಲ ಬಾಯಿ ಬಿಟ್ಟು ನುಂಗಿದ್ದರೆ ಹೋಗಿಬಿಡುತ್ತಿದ್ದೆ.

ಅವರು ನಿವೃತ್ತರಾಗಿ ಊರಿಗೆ ಹೋದರು. ಹೋಗಿ ಹೇಳಬೇಕು, ಹೋಗಿ ಹೇಳಬೇಕು ಎಂದುಕೊಂಡೇ ವರ್ಷಗಳು ಕಳೆದವು. ಗದಗ ಎಷ್ಟು ದೂರ, ಒಂದು ರಾತ್ರಿಯ ಪ್ರಯಾಣ. ಎರಡು ಸಲ ಟಿಕೆಟ್ಟು ತೆಗೆಸಿ ರದ್ದು ಮಾಡಿಸಿದ್ದೇನೆ. ಎರಡು ವರ್ಷದ ಹಿಂದೆ ಕಾಕಾ ತೀರಿಹೋದರೆಂದು ಹಳೇ ಕ್ವಾರ್ಟರ್ಸಿನವರೊಬ್ಬರು ಫೋನು ಮಾಡಿದ್ದರು. ಕೊನೆಕೊನೆಗೆ ಒಂದು ಸ್ಕ್ರೂ ಕೂಡ ಮುಟ್ಟುತ್ತಿರಲಿಲ್ಲವಂತೆ, ಮನೆಯ ಫ್ಯಾನು ಕೆಟ್ಟರೆ ಪಕ್ಕದ ಓಣಿಯವನನ್ನು ಕರೆಸುತ್ತಿದ್ದರಂತೆ.

ಇನ್ನು ಹೇಳಿ ಯಾರಿಗೆ ಏನು ಪ್ರಯೋಜನ. ಆದರೂ ಹೇಳುತ್ತೇನೆ. ಕಾಕಾ, ನಿಮ್ಮ ಕೈ ಸುಳ್ಳಾಗಿದ್ದಿಲ್ಲರಿ. ಬೋಲ್ಟ್ ಬರೋಬ್ಬರಿ ಇತ್ತು. ಆ ಐತವಾರ ಗೇಟಿನ ಮ್ಯಾಲ ನನಗ ಹತ್ತಿತ್ತರಿ, ಭಾಳ ಹತ್ತಿತ್ತು.