ಇಂಗ್ಲೆಂಡಿನ ಹಂಡ್ರೆಡ್, ಕುವೈತಿನ ವಾಡೊ

೨೦೦೪ನೇ ಇಸವಿ ಜನವರಿ ೨೩, ಶುಕ್ರವಾರ. ಬೆಳಿಗ್ಗೆ ಆರೂವರೆ. ಸಾಲ್ಮಿಯಾದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಬಳಿ ಹಾಜರಿದ್ದವರು: ನಾನು, ಚಹಾದ ಲೋಟ ಹಿಡಿದ ನನ್ನ ಹೆಂಡತಿ ಲಿಲ್ಲಿ, ಮತ್ತು ಮೇಜಿನ ತುಂಬ ಹರಡಿಕೊಂಡಿದ್ದ ಕುವೈತಿನ ನಕ್ಷೆ.

ದಿನ, ಹೊತ್ತು, ಹಾಜರಿ ಬರೆಯದೆ ನನಗೆ ಏನನ್ನೂ ಶುರು ಮಾಡಲು ಬರುವುದಿಲ್ಲ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಪಾದ್ರಿಗಳ ಬೋರ್ಡಿಂಗಿನಲ್ಲಿ ಓದಿದವನು ನಾನು. ಆಮೇಲೆ ಕುವೈತಿಗೆ ಬಂದು ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಅಲ್ಲಿ ಒಂದು ಬೋಲ್ಟಿಗೂ ಅದರದೇ ಸಾಲು, ಕಪಾಟು, ಖಾನೆ ಇದೆ. “ಮದುವೆಯ ದಿನ ನನ್ನ ಹಣೆಗೂ ನಂಬರಿನ ಚೀಟಿ ಅಂಟಿಸ್ತೀರೋ ಅಂತ ಹೆದರಿದ್ದೆ” ಎಂದು ಲಿಲ್ಲಿ ಈಗಲೂ ಹೇಳುತ್ತಾಳೆ.

ಇಂಥವನ ಕೈಗೆ ಒಂದು ಪುಸ್ತಕ ಸಿಕ್ಕಿತ್ತು. ಕೆಲಸ ಮುಗಿಸಿ ಊರಿಗೆ ಹೊರಟ ಇಂಗ್ಲಿಷ್ ಮೇಸ್ತ್ರಿಯೊಬ್ಬ ರಾಶಿ ಹಾಕಿ ಹೋದ ಸಾಮಾನಿನಲ್ಲಿ ಅದಿತ್ತು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನ ಹಳ್ಳಿಗಳನ್ನು ಹೇಗೆ ಪಾಲು ಮಾಡಿದ್ದರು ಎಂಬುದೇ ಅದರ ವಿಷಯ. ದಿನಕ್ಕೆ ಎರಡು ಪುಟದಂತೆ, ಬೆಳಗಿನ ಪ್ರಾರ್ಥನೆಯಾದ ಮೇಲೆ ಓದುತ್ತಿದ್ದೆ. ಎರಡು ಪುಟ ಮುಗಿದ ಮೇಲೆ ಮೂರನೆಯದನ್ನು ಓದುವ ಆಸೆ ಹತ್ತಿಕ್ಕಿಕೊಳ್ಳುವುದೇ ಒಂದು ತಪಸ್ಸಾಗಿತ್ತು.

ಅವರ ನೆಲದ ಅಳತೆ ‘ಹೈಡ್’. ಎಕರೆಗೆ ಹೋಲಿಸಿ ಇಷ್ಟೇ ಎಂದು ಹೇಳಲಾಗದು, ಊರಿಂದೂರಿಗೆ ಬೇರೆ. ಏಕೆಂದರೆ ಮೂಲದಲ್ಲಿ ಹೈಡ್ ಎಂದರೆ ಒಂದು ಮನೆತನ ಉಂಡು ಬದುಕಲು ಸಾಕಾಗುವಷ್ಟು ನೆಲ. ಹಗ್ಗ ಹಿಡಿದು ಅಳೆಯುವ ಮೊದಲು ಹೊಟ್ಟೆ ನೋಡಿ ಅಳೆದಿದ್ದರು! ಅಂಥ ನೂರು ಹೈಡ್ ಸೇರಿದರೆ ಒಂದು ‘ಹಂಡ್ರೆಡ್’. ನೂರು ಎಂಬುದು ಹೆಸರಿಗೆ ಮಾತ್ರ. ಎಷ್ಟೋ ಕಡೆ ಲೆಕ್ಕ ಕೂಡುವುದೇ ಇಲ್ಲ. ಪ್ರತಿ ಹಂಡ್ರೆಡ್ಡಿನ ಜನ ತಿಂಗಳಿಗೊಮ್ಮೆಯಂತೆ ಬಯಲಿನಲ್ಲಿ ಸೇರಿ ತಮ್ಮ ವ್ಯಾಜ್ಯ ತೀರಿಸಿಕೊಳ್ಳುತ್ತಿದ್ದರು. ಅದಕ್ಕೆ ಕಟ್ಟಡವಿಲ್ಲ. ಒಂದು ಮರ, ಒಂದು ಬಂಡೆ, ಒಂದು ದಿಬ್ಬ, ಹೊಳೆ ದಾಟುವ ಜಾಗ, ಇಷ್ಟೇ. ಮರ ಬಿದ್ದು ಮಣ್ಣಾದ ಮೇಲೂ ಆ ಸೀಮೆಗೆ ಮರದ ಹೆಸರೇ ಉಳಿಯಿತು. ಇದನ್ನು ಓದಿದ ದಿನ ನಾನು ಲೋಟದ ಚಹಾ ಆರಿದ್ದನ್ನೂ ಗಮನಿಸಲಿಲ್ಲ.

ನಮ್ಮಲ್ಲೇನು ಕಡಿಮೆ? ಬನವಾಸಿ ಹನ್ನೆರಡು ಸಾವಿರ, ಗಂಗವಾಡಿ ತೊಂಬತ್ತಾರು ಸಾವಿರ, ಬೆಳ್ವೊಲ ಮುನ್ನೂರು ಎಂದು ನಮ್ಮ ಶಾಸನಗಳೂ ನಾಡಿನ ಹೆಸರಿನ ಬೆನ್ನಿಗೆ ಅಂಕಿ ಕಟ್ಟಿವೆ. ಆ ಅಂಕಿ ಹಳ್ಳಿಗಳದೋ, ಕಂದಾಯದ್ದೋ, ಇನ್ನೇನರದೋ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಒಬ್ಬರನ್ನೊಬ್ಬರು ಕಂಡೇ ಇರದ ಎರಡು ನಾಡಿನ ಜನ ತಮ್ಮ ನೆಲವನ್ನು ಎಣಿಕೆಯಿಂದಲೇ ಕರೆದರಲ್ಲ! ಸ್ಟೋರ್ ಕೀಪರನಿಗೆ ಇದಕ್ಕಿಂತ ದೊಡ್ಡ ದರ್ಶನ ಬೇಕೆ?

ಈ ಹುಮ್ಮಸ್ಸಿನಲ್ಲೇ ನಾನು ಕೈಹಾಕಬಾರದ ಕಡೆ ಕೈಹಾಕಿದೆ. ನಮ್ಮ ಕರಾವಳಿಯ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಊರನ್ನು ವಾಡೊಗಳಾಗಿ ಹಂಚುತ್ತಾರೆ. ಪ್ರತಿ ವಾಡೊಗೆ ಒಬ್ಬ ಗುರ್ಕಾರ. ಯಾರಿಗೆ ಜ್ವರ, ಯಾರ ಮನೆಯಲ್ಲಿ ಬಾಣಂತಿ ಎಂದು ಅವನಿಗೆ ತಿಳಿದಿರಬೇಕು. ಕುವೈತಿಗೆ ಬಂದ ನಾವು ಈ ಏರ್ಪಾಟನ್ನೂ ಜೊತೆಗೆ ತಂದಿದ್ದೆವು. ಆದರೆ ಇಲ್ಲಿ ಮನೆ ಬದಲಿಸಿದವರು ಹಳೆಯ ವಾಡೊದಲ್ಲೇ ಉಳಿದು, ಪಟ್ಟಿ ಗೋಜಲಾಗಿತ್ತು. ಸರಿಪಡಿಸಲು ಇಲ್ಲಿನ ನಮ್ಮೂರವರ ಸಂಘದವರು ನನಗೆ ಹೇಳಿದರು. ನಾನು ಸ್ಕೇಲು ಹಿಡಿದು ಹೆದ್ದಾರಿಗಳನ್ನೇ ಗಡಿ ಮಾಡಿ ಒಂಬತ್ತು ವಾಡೊ ಗೀಟಿದೆ. ಕಳೆದ ಶುಕ್ರವಾರ ಪಟ್ಟಿ ಇಗರ್ಜಿಯ ಗೋಡೆಗೆ ಏರಿತ್ತು. ಈ ಬೆಳಿಗ್ಗೆ ನಾನು ನಕ್ಷೆಯ ಮುಂದೆ ಕೂತಿದ್ದು ಕೆಲಸಕ್ಕಲ್ಲ, ಅದರ ಅಂದ ನೋಡಲು.

ಎಂಟಕ್ಕೆ ಫೆಲಿಕ್ಸ್ ಬಂದ. ಬೇಕರಿಯ ವ್ಯಾನ್ ಓಡಿಸುವ ಅವನು ನಮ್ಮ ಸಾಲ್ಮಿಯಾ ವಾಡೊದ ಗುರ್ಕಾರ.

“ಮಾಮ್, ಒಂಬತ್ತನೇ ವಾಡೊದ ಗುರ್ಕಾರ್ತಿ ಫೋನ್ ಮಾಡಿದ್ರು” ಎಂದ.

“ಅಲ್ಲಿಗೆ ಇನ್ನೂ ಯಾರನ್ನೂ ಆರಿಸಿಲ್ಲವಲ್ಲ?”

“ಒಂಬತ್ತು ಅಂದ್ರೆ ಆ ತುದಿಯ ಜಹ್ರಾ. ಮನೆ ಒಂದು, ಮನೆಯಲ್ಲಿ ಜನ ಒಂದು. ಸೆವ್ರಿನ್‌ಬಾಯಿ ಅಲ್ಲದೆ ಮತ್ಯಾರು ಗುರ್ಕಾರ್, ಒಂಟೆಯಾ?”

ಲಿಲ್ಲಿ ನಗಲಿಲ್ಲ. ಸೆವ್ರಿನ್ ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸು. ಮೊದಲು ಸಾಲ್ಮಿಯಾದಲ್ಲೇ ಇದ್ದವಳು. ೧೯೯೦ರ ಯುದ್ಧದ ತಿಂಗಳುಗಳಲ್ಲಿ ನಾವು ಹನ್ನೊಂದು ಮಂದಿ ಒಂದೇ ಮನೆಯಲ್ಲಿ ಕೂಡಿ ಬದುಕಿದಾಗ, ವಿಷಮಜ್ವರದಲ್ಲಿದ್ದ ಲಿಲ್ಲಿಯನ್ನು ಉಳಿಸಿದವಳು ಅವಳೇ.

ಫೆಲಿಕ್ಸ್ ಮುಂದುವರಿಸಿದ: “ನಾಳೆ ಅವರಿಗೆ ಪಿತ್ತಕೋಶದ ಆಪರೇಷನ್. ಇವತ್ತು ಸಂಜೆ ಆರರೊಳಗೆ ಅಲ್ಲಿನ ಆಸ್ಪತ್ರೆಗೆ ಸೇರಬೇಕು. ನಮ್ಮ ವಾಡೊದ ಹೆಂಗಸರು ಪಾಳಿ ಹಾಕಿಕೊಂಡಿದ್ರು. ಈಗ ಸೆವ್ರಿನ್‌ಬಾಯಿಯೇ ಬೇಡ ಅಂತಾರೆ. ‘ನಾನು ನಿಮ್ಮ ವಾಡೊದವಳಲ್ಲ, ಪಟ್ಟಿ ನೋಡಿದ್ದೇನೆ, ಟ್ಯಾಕ್ಸಿಯಲ್ಲಿ ಒಬ್ಬಳೇ ಹೋಗ್ತೇನೆ’ ಅಂದ್ರು.”

ನಾನು ಕೈಚಾಚಿ ಪುಸ್ತಕ ತೆಗೆದೆ. ಲಿಲ್ಲಿ ಲೋಟ ಕುಕ್ಕಿದಳು: “ಈಗಲೂ ಪುಸ್ತಕವಾ?”

ಅದರಲ್ಲಿ ಒಂದು ನಕ್ಷೆಯಿತ್ತು. ಒಂದು ಹಂಡ್ರೆಡ್ಡಿನ ತುಂಡು ದೂರದ ಇನ್ನೊಂದು ಹಂಡ್ರೆಡ್ಡಿನ ನಡುವೆ, ಕೆರೆಯೊಳಗಿನ ನಡುಗಡ್ಡೆಯಂತೆ ಬಿದ್ದಿತ್ತು. ಓದಿದಾಗ ಅದರ ಪಕ್ಕ ‘ಶಿಸ್ತಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ. ಎರಡು ಪುಟದ ಮಿತಿ ಬಿದ್ದುದರಿಂದ ಕೆಳಗಿನ ವಿವರಣೆಯನ್ನು ಮರುದಿನಕ್ಕೆ ಬಿಟ್ಟಿದ್ದೆ. ಮರುದಿನ ನೇರ ಮುಂದಿನ ಪುಟಕ್ಕೆ ಹೋಗಿದ್ದೆ. ಈಗ ಓದಿದೆ. ಅಂಥ ತುಂಡು ಹಲವು ಸಲ ಹಳೆಯ ಸಂಬಂಧದ ಗುರುತು. ಬೇಸಿಗೆಗೆ ದನ ಅಟ್ಟಿಕೊಂಡು ಹೋಗುತ್ತಿದ್ದ ದೂರದ ಕಾಡು, ಒಬ್ಬನೇ ಒಡೆಯನ ಕೈಕೆಳಗಿದ್ದ ಬೇರೆ ನೆಲ. ಅಲ್ಲಿ ನೆಲೆಸಿದವರು ಹತ್ತಿರದ ಮರವನ್ನು ದಾಟಿ, ಮೈಲಿಗಟ್ಟಲೆ ನಡೆದು, ತಮ್ಮದೇ ಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಹೀಗೆ ನೂರಾರು ವರ್ಷ. ಸ್ಕೇಲು ಹಿಡಿದ ಅಧಿಕಾರಿಗಳು ಅದನ್ನು ಅಚ್ಚುಕಟ್ಟು ಮಾಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ರಬ್ಬರು ಹುಡುಕಿ ‘ಶಿಸ್ತಿಲ್ಲ’ ಎಂಬುದನ್ನು ಅಳಿಸಿದೆ.

ಸೆವ್ರಿನಳಿಗೆ ಫೋನ್ ಮಾಡಿದೆ. ಪಟ್ಟಿ ತಪ್ಪಾಗಿದೆ, ನಾಲ್ಕಕ್ಕೆ ಬರುತ್ತೇವೆ ಎಂದೆ.

“ನಿಮ್ಮ ವಾಡೊದಲ್ಲಿ ಹುಕುಂ ಮಾಡಿ. ಇದು ನನ್ನದು” ಎಂದಳು.

“ತಪ್ಪಾಯ್ತು ಸೆವ್ರಿನ್‌ಬಾಯಿ.”

ಆಚೆ ಕಡೆ ಚೀಲದ ಜಿಪ್ ಎಳೆದ ಸದ್ದು. ಆಮೇಲೆ, “ಲಿಲ್ಲಿಗೆ ಸ್ವೆಟರ್ ಹಾಕ್ಕೊಳ್ಳೋಕೆ ಹೇಳಿ. ಇಲ್ಲಿ ಗಾಳಿ ಜಾಸ್ತಿ. ಮತ್ತೆ ನಾಲ್ಕು ಅಂದ್ರೆ ನಾಲ್ಕು” ಎಂದಳು.

ನಾಲ್ಕಕ್ಕೆ ಎರಡು ನಿಮಿಷ ಮೊದಲೇ ತಲುಪಿದೆವು. ಚೀಲ ಹಿಡಿದು ಕೆಳಗೇ ನಿಂತಿದ್ದಳು. ಕಾರಿನಲ್ಲಿ ಹಿಂದೆ ಕೂತ ಇಬ್ಬರು ಹೆಂಗಸರೂ ದಾರಿಯುದ್ದಕ್ಕೂ ನನ್ನ ನಕ್ಷೆಯನ್ನು ಹೀಯಾಳಿಸಿ ನಕ್ಕರು. ನಾನು ಗೇರು ಬದಲಿಸುತ್ತಿದ್ದೆ. ಅಷ್ಟು ನಗುತ್ತಿದ್ದ ಸೆವ್ರಿನ್ ಆಸ್ಪತ್ರೆಯ ಬಾಗಿಲು ಕಂಡದ್ದೇ ಲಿಲ್ಲಿಯ ಕೈ ಹಿಡಿದುಕೊಂಡಳು. ಒಳಗೆ ಹಾಸಿಗೆ ತಲುಪುವವರೆಗೂ ಬಿಡಲಿಲ್ಲ.

ಕೌಂಟರಿನ ಉದ್ದ ಸಾಲಿನಲ್ಲಿ ಕಾದು ದಾಖಲಾತಿಯ ಅರ್ಜಿ ತುಂಬುವ ಕೆಲಸ ನನ್ನದಾಯಿತು. ಕೊನೆಯ ಸಾಲು: ರೋಗಿಯ ಹೊಣೆ ಹೊತ್ತವರು ಯಾರು, ರೋಗಿಗೆ ಏನಾಗಬೇಕು? ಅಣ್ಣನಲ್ಲ, ಗಂಡನಲ್ಲ. ಅರ್ಜಿಯ ಖಾನೆ ಖಾಲಿ ಬಿಟ್ಟು ಗೊತ್ತಿಲ್ಲದವನು ನಾನು. ಸ್ವಲ್ಪ ಯೋಚಿಸಿ ‘ನೆರೆಯವ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಗುಮಾಸ್ತ ನನ್ನ ಸಾಲ್ಮಿಯಾದ ವಿಳಾಸ ನೋಡಿದ, ಅವಳ ಜಹ್ರಾದ ವಿಳಾಸ ನೋಡಿದ, ಹುಬ್ಬೇರಿಸಿದ. “ನಡುವೆ ಇಡೀ ಕುವೈತ್ ಇದೆಯಲ್ಲ, ಹಾಜಿ!” ಅಲ್ಲಿ ವಯಸ್ಸಾದವರೆಲ್ಲರೂ ಹಾಜಿಗಳೇ.

“ಇರಲಿ” ಎಂದೆ.

ಅವನು ಭುಜ ಕುಣಿಸಿ ಮುದ್ರೆ ಒತ್ತಿದ. ಸಹಿ ಹಾಕಿ, ಕೆಳಗೆ ಹೊತ್ತು ಬರೆದೆ: ಸಂಜೆ ಐದು ಐವತ್ತು.