ಚೆಕ್‌ರೋಲಿನ ಹೆಸರು

ನಮ್ಮಂಥ ಎಸ್ಟೇಟ್ ರೈಟರ್‌ಗಳದು ಒಂದು ಸೋಮಾರಿ ಪದ್ಧತಿ. ಆಳು ಬಿಟ್ಟುಹೋದರೆ ಚೆಕ್‌ರೋಲಿನಿಂದ, ಅಂದರೆ ಹಾಜರಿ ಪುಸ್ತಕದಿಂದ, ಹೆಸರು ಹೊಡೆಯುವುದಿಲ್ಲ. ಅದೇ ಹೆಸರಿಗೆ ಹೊಸಬರನ್ನು ನಿಲ್ಲಿಸಿಬಿಡುತ್ತೇವೆ. ಹೊಂಗಡಹಳ್ಳದ ಕಡೆಯ ಕಾಫಿ ತೋಟದಲ್ಲಿ ನಾನೂ ಅದನ್ನೇ ಮಾಡಿಕೊಂಡು ಬಂದೆ, ದೊಡ್ಡ ಬುದ್ಧಿವಂತನ ಹಾಗೆ.

ಒಮ್ಮೆ ಅಸ್ಸಾಮಿನವರ ಗುಂಪಿನಲ್ಲಿ ಗಂಡನೊಂದಿಗೆ ಒಬ್ಬಳು ಬಂದಳು. ಬರ್ಮಾದಿಂದ ಜೀವ ಉಳಿಸಿಕೊಂಡು ಓಡಿಬಂದು ಈ ದೇಶದಲ್ಲಿ ಆಶ್ರಯ ಕೇಳಿದ್ದವಳು. ಅವಳ ಹತ್ತಿರ ಇದ್ದದ್ದು ನಿರಾಶ್ರಿತಳೆಂದು ದೆಹಲಿಯಲ್ಲಿ ವಿಶ್ವಸಂಸ್ಥೆಯವರು ಕೊಟ್ಟ ಒಂದು ಇಂಗ್ಲಿಷ್ ಕಾಗದ ಮಾತ್ರ. ಹೆರಿಗೆಗೆಂದು ದೋಣಿಗಲ್ ಕಡೆಯ ತವರಿಗೆ ಹೋಗಿ ವಾಪಸ್ಸು ಬಾರದ ಕೆಲಸದವಳೊಬ್ಬಳ ಹೆಸರು ಖಾಲಿಯಿತ್ತು. ಬೆಳಿಗ್ಗೆ ಆ ಹೆಸರು ಕೂಗಿದರೆ ಹೊಸಬಳು ‘ಹೌದು’ ಎನ್ನುತ್ತಿದ್ದಳು. ಅವಳು ಮೊದಲು ಕಲಿತ ಕನ್ನಡ ಅದು.

ಆರು ತಿಂಗಳ ಬಸುರಿಯಾಗಿದ್ದಾಗ ಒಂದು ದಿನ ರಕ್ತ ಹೋಗತೊಡಗಿತು. ಗಂಡ ಬೇರೆ ತೋಟಕ್ಕೆ ಮೆಣಸು ಕೊಯ್ಯಲು ಹೋಗಿದ್ದ. ನಾನೇ ಜೀಪಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಆಧಾರ್ ಕೇಳಿದರು. ಇಂಗ್ಲಿಷ್ ಕಾಗದ ತೋರಿಸಿದರೆ ಪೊಲೀಸು, ವಿಚಾರಣೆ ಎಂದು ಹೊತ್ತು ಹೋಗಿ ಮಗು ಕೈತಪ್ಪೀತೆಂದು ಹೆದರಿ, ಜೀಪಿನಲ್ಲಿದ್ದ ಚೆಕ್‌ರೋಲಿನೊಳಗಿನ ಹಳೆಯವಳ ಆಧಾರ್ ಜೆರಾಕ್ಸ್ ಕೊಟ್ಟುಬಿಟ್ಟೆ.

ನರ್ಸಮ್ಮ ಚೀಟಿ ನೋಡಿ ಹೆಸರು ಕೂಗಿದರು. ಅವಳು ಎದ್ದು ನಿಂತಳು. ನರ್ಸಮ್ಮ ಅವಳ ಮುಖ ನೋಡಿದರು, ಮತ್ತೆ ಚೀಟಿ ನೋಡಿದರು.

“ಈ ಹೆಸ್ರಿನೋಳ್ನ ಹೋದ ವರ್ಷ ದೋಣಿಗಲ್ಲಿಂದ ಇಲ್ಲಿಗೆ ತರೋ ಹೊತ್ಗೇ ಜೀವ ಹೋಗ್ಬುಟ್ಟಿತ್ತಲ್ಲ. ಹೆರಿಗೆ ಕೇಸು. ಕಣ್ಣು ಮುಚ್ಚಿದ್ದು ನಾನೇ.”

“ಹೌದು,” ಎಂದಳು ಇವಳು.

ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಸತ್ತವಳನ್ನು ಕೂಗುತ್ತಿದ್ದೆ, ಮಂಜಿನೊಳಗಿಂದ ಉತ್ತರವೂ ಬರುತ್ತಿತ್ತು. ಎಲ್ಲ ಒಪ್ಪಿಕೊಂಡು ಇಂಗ್ಲಿಷ್ ಕಾಗದ ಮುಂದಿಟ್ಟೆ.

“ಮೊದ್ಲೇ ಹೇಳಕ್ಕೆ ಏನ್ ಧಾಡಿ ನಿಮ್ಗೆ? ಇದ್ರಲ್ಲೂ ನೋಡ್ತಾರೆ ಕಣ್ರೀ,” ಎಂದು ಬೈದ ನರ್ಸಮ್ಮ ತಕ್ಷಣ ಹೊಸ ಚೀಟಿ ಮಾಡಿಸಿದರು. ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ಅವಳ ನಿಜವಾದ ಹೆಸರು ಕೂಗಿದರು.

ಅವಳು ಏಳಲಿಲ್ಲ. ಇನ್ನೊಮ್ಮೆ ಕೂಗಿದಾಗ ಬೆಂಚು ಹಿಡಿದುಕೊಂಡು ಗೋಡೆಗೆ ಒತ್ತಿ ಕುಳಿತಳು. ಬೆಂಚಿನ ಕೆಳಗೆ ರಕ್ತ ತೊಟ್ಟಿಕ್ಕುತ್ತಿತ್ತು.

“ನಿನ್ನೇ ಕರೀತಾವ್ರೆ, ಹೋಗಮ್ಮ,” ಎಂದೆ.

“ನಮ್ಮೂರಲ್ಲಿ ಮಿಲಿಟರಿಯವರು ಬಾಗಿಲಲ್ಲಿ ನಿಂತು ಅಪ್ಪನ ಹೆಸರು ಕರೆದ್ರು. ಹೋದ, ಬರಲಿಲ್ಲ,” ಎಂದಳು ಮುರುಕು ಕನ್ನಡದಲ್ಲಿ. “ಆಮೇಲೆ ಅಣ್ಣ. ಆಮೇಲೆ ಈ ಹೆಸರು ಕರೆದ್ರು. ನಾನು ಓಡಿದೆ.”

ನರ್ಸಮ್ಮ ಹತ್ತಿರ ಬಂದು ಅವಳ ಮುಂದೆ ಬಗ್ಗಿದರು. ತಾವೇ ಕಣ್ಣು ಮುಚ್ಚಿದ್ದವಳ ಹೆಸರು ಹಿಡಿದು ಮೆಲ್ಲಗೆ ಕರೆದರು. ಅವಳು ಎದ್ದು, ಅವರ ಕೈ ಹಿಡಿದು ಒಳಗೆ ಹೋದಳು.

ಮಗು ಉಳಿಯಿತು. ತಾಯಿ ಕಾರ್ಡಿನಲ್ಲಿ ಅವಳ ನಿಜವಾದ ಹೆಸರೇ ಇದೆ. ಅದನ್ನು ನಾನು ಇವತ್ತಿನವರೆಗೂ ಬಾಯಿಬಿಟ್ಟು ಓದಿಲ್ಲ.